ಕ್ಲಾರಿನೆಟ್ ಕಜೆಟನನ ಮುಂದಿನ ಹಲ್ಲು

ಕಾಪುವಿನ ಕಜೆಟನನ ಮುಂದಿನ ಹಲ್ಲು ಬೆಂಕಿಪೊಟ್ಟಣದೊಳಗೆ ಕೂತು ಬಸ್ಸಿನಲ್ಲಿ ಉಡುಪಿಗೆ ಬಂದದ್ದು ಇದು ಎರಡನೆಯ ಸಲ. ಹಲ್ಲಿನ ಜೊತೆಗೆ ಕಜೆಟನ್ ಬಂದ, ಅವನ ಜೊತೆಗೆ ಹೆಂಡತಿ ವೆರೊನಿಕಾ ಬಂದಳು. ಅಂಬಲಪಾಡಿಯ ದಾರಿಯಲ್ಲಿ ದವಾಖಾನೆ ಇಟ್ಟಿದ್ದ ಹಲ್ಲಿನ ಡಾಕ್ಟರ್ ಕುಶಲಾಳ ಮೇಜಿನ ಮೇಲೆ ವೆರೊನಿಕಾ ಆ ಪೊಟ್ಟಣವನ್ನು ಕುಕ್ಕಿದ ರೀತಿಯಲ್ಲೇ ಅರ್ಧ ಜಗಳ ಮುಗಿದುಹೋಯಿತು.

“ಇದು ಎಂತ ಹಲ್ಲು ಡಾಕ್ಟ್ರೇ? ನಮ್ಮ ಮನೆಯ ಬೆಕ್ಕು ಕೂಡ ಇದಕ್ಕಿಂತ ಹೆಚ್ಚು ಹೊತ್ತು ಒಂದು ಕಡೆ ಕೂರ್ತದೆ.”

“ಕೂತ್ಕೊಳ್ಳಿ ಬಾಯಮ್ಮ. ಈ ಸಲ ಎಲ್ಲಿ ಬಿತ್ತು?” ಎಂದಳು ಕುಶಲಾ. ಆ ಊರಲ್ಲಿ ಕ್ರೈಸ್ತ ಹೆಂಗಸರೆಲ್ಲ ಬಾಯಮ್ಮ, ಗಂಡಸರೆಲ್ಲ ಪೊರ್ಬುಗಳು.

“ಎಲ್ಲಿ ಬೀಳಬಾರದೋ ಅಲ್ಲಿ! ಮದುವೆಯ ಮನೆಯಲ್ಲಿ. ಇವರು ಕ್ಲಾರಿನೆಟ್ ಊದ್ತಾ ಇದ್ದದ್ದು, ಹಲ್ಲು ಹಾರಿ ಹೆರಾಲ್ಡನ ಡ್ರಮ್ಮಿನ ಮೇಲೆ ಟಕ್ ಅಂತ ಬಿತ್ತು. ಮದುಮಗಳು ನಕ್ಕು ನಕ್ಕು ಅವಳ ಹೂವೆಲ್ಲ ಉದುರಿಹೋಯ್ತು.”

ಕಜೆಟನ್ ಕರ್ಚೀಫಿನಿಂದ ಬಾಯಿ ಮುಚ್ಚಿಕೊಂಡು ನೆಲ ನೋಡುತ್ತಿದ್ದ. ಹತ್ತೊಂಬತ್ತು ವರ್ಷದಿಂದ ಕಾಪುವಿನ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದಿದವನು ಅವನು. ಆ ವಾದ್ಯದ ಬಾಯಿಯನ್ನು ಒತ್ತಿ ಹಿಡಿಯುವುದೇ ಮೇಲಿನ ಮುಂದಿನ ಹಲ್ಲು. ಮಳೆಗಾಲದಲ್ಲಿ ಸೈಕಲ್ಲಿನಿಂದ ಬಿದ್ದು ಆ ಹಲ್ಲೇ ಅರ್ಧ ಮುರಿದಿತ್ತು. ಕುಶಲಾ ಮುರಿದ ಮೋಟನ್ನು ತಿದ್ದಿ ಅದರ ಮೇಲೆ ಬಿಳಿ ಕ್ಯಾಪು ಮಾಡಿ ಸಿಮೆಂಟಿನಿಂದ ಅಂಟಿಸಿದ್ದಳು. ಒಂಬತ್ತು ದಿನಕ್ಕೆ ಬಿತ್ತು. ಮತ್ತೆ ಅಂಟಿಸಿದಳು. ಆರು ದಿನಕ್ಕೆ ಬಿತ್ತು.

“ಬ್ಯಾಂಡಿನ ಲಿಯೋನೆಲ್ ಮಾಸ್ಟರು ಹೇಳಿಯಾಯ್ತು,” ಎಂದ ಕಜೆಟನ್, ಕರ್ಚೀಫಿನ ಒಳಗಿನಿಂದಲೇ. “ಬುಧವಾರ ಕಾರ್ಕಳದಲ್ಲಿ ದೊಡ್ಡ ಮದುವೆ. ಅಲ್ಲಿಯೂ ಹೀಗಾದರೆ ಕ್ಲಾರಿನೆಟ್ ಇನ್ನೊಬ್ಬರಿಗೆ. ನನಗೆ ತಾಳ. ತಾಳ ಹೊಡೀಲಿಕ್ಕೆ ಹಲ್ಲು ಬೇಡ ಅಲ್ವಾ ಅಂದರು.”

ಅಷ್ಟು ಹೇಳುವಾಗ ಅವನ ಕಣ್ಣು ತುಂಬಿತು. ನಲವತ್ತೈದು ದಾಟಿದ ಗಂಡಸು ಹಲ್ಲಿನ ಡಾಕ್ಟರ ಎದುರು ನೋವಿಲ್ಲದೆ ಅತ್ತದ್ದನ್ನು ಕುಶಲಾ ಅದುವರೆಗೆ ಕಂಡಿರಲಿಲ್ಲ. ಅವಳಿಗೆ ಸಿಟ್ಟು ಬಂತು. ಸಿಟ್ಟು ಅವನ ಮೇಲಲ್ಲ, ಆ ಹಲ್ಲಿನ ಮೇಲೆ.

“ಇವತ್ತು ಸೋಮವಾರ,” ಎಂದಳು. “ಬುಧವಾರ ನೀವು ಕಾರ್ಕಳದಲ್ಲಿ ಊದ್ತೀರಿ ಪೊರ್ಬುಗಳೇ. ನಾನು ಹೇಳ್ತಿದ್ದೇನೆ, ಸಾಕಲ್ಲ?”

ಹಾಗೆ ಹೇಳುವ ಧೈರ್ಯ ಅವಳಿಗೆ ಹುಟ್ಟಿನಿಂದ ಬಂದದ್ದು. ಸಾವಿರದ ಒಂಬೈನೂರ ಅರವತ್ತಮೂರರಲ್ಲಿ ಮುಂಬಯಿಯಲ್ಲಿ ಓದಿ ಬಂದು ಉಡುಪಿಯಲ್ಲಿ ಬೋರ್ಡು ಹಾಕಿದಾಗ, ಹೆಂಗಸು ಹಲ್ಲು ಕೀಳುವುದನ್ನು ನೋಡಲೆಂದೇ ಹಲ್ಲುನೋವಿಲ್ಲದವರು ಕೂಡ ಬಂದು ಬೆಂಚಿನ ಮೇಲೆ ಕೂರುತ್ತಿದ್ದರು. ಅವಳು ಒಬ್ಬೊಬ್ಬರನ್ನೇ ಕುರ್ಚಿಗೆ ಕರೆದು, ಬಾಯಿ ತೆಗೆಸಿ, ಒಂದಲ್ಲ ಒಂದು ಹುಳುಕು ತೋರಿಸಿ ಕಳಿಸಿದಳು. ವಾರದಲ್ಲಿ ಬೆಂಚು ಖಾಲಿಯಾಯಿತು. ಅಂಥವಳು ಒಂದು ಕ್ಯಾಪಿಗೆ ತಲೆ ತಗ್ಗಿಸುತ್ತಾಳೆಯೇ?

ಕ್ಯಾಪನ್ನು ಕಿಟಕಿಯ ಬೆಳಕಿಗೆ ಹಿಡಿದು ಒಳಗೆ ನೋಡಿದಳು. ಸಿಮೆಂಟೆಲ್ಲ ಕ್ಯಾಪಿನಲ್ಲೇ ಉಳಿದಿತ್ತು. ಹಲ್ಲಿಗೆ ತಾಗಿದ್ದ ಮೈ ಮಾತ್ರ ಹುಡಿಹುಡಿ, ಉಗುರು ತಾಗಿಸಿದರೆ ಉದುರುತ್ತಿತ್ತು. ಒದ್ದೆ ಗೋಡೆಗೆ ಸುಣ್ಣ ಬಳಿದ ಹಾಗೆ.

“ಉಗುಳು,” ಎಂದಳು. “ಸಿಮೆಂಟು ಹಾಕುವಾಗ ಹಲ್ಲಿಗೆ ಉಗುಳು ತಾಗಿದೆ. ಒಂದು ಹನಿ ಬೇಡ, ಒದ್ದೆಯ ಪಸೆ ಇದ್ದರೂ ಸಾಕು, ಸಿಮೆಂಟು ಹಿಡಿಯುವುದಿಲ್ಲ.”

“ನೀವೇ ಅಲ್ವಾ ಬಾಯಿ ತುಂಬ ಹತ್ತಿ ತುರುಕಿದ್ದು?” ಎಂದಳು ವೆರೊನಿಕಾ.

ಅದೇ ಕುಶಲಾಳಿಗೂ ತಲೆಗೆ ಹತ್ತದ ಒಗಟು. ಎರಡು ಸಲವೂ ತುಟಿಯ ಒಳಗೆ, ಕೆನ್ನೆಯ ಒಳಗೆ ಹತ್ತಿ ಇಟ್ಟಿದ್ದಳು. ಸ್ಪಿರಿಟ್ಟಿನಲ್ಲಿ ಒರೆಸಿದ್ದಳು, ರಬ್ಬರ್ ಬುಗ್ಗೆಯಿಂದ ಗಾಳಿ ಊದಿದ್ದಳು. ಮೊದಲ ಸಲ ಬಿದ್ದಾಗ ಸಿಮೆಂಟಿನ ಡಬ್ಬಿ ಹಳತಾಯಿತೆಂದು ಹೊಸದು ತರಿಸಿದ್ದಳು. ಎರಡನೆಯ ಸಲ ಬಿದ್ದ ಸುದ್ದಿ ಬಂದಾಗ, ಸಂಜೆ ನಾಲ್ಕಕ್ಕೆ ಕೆಳಗಿನ ಉಮಾನಾಥನ ಹೋಟೆಲಿನಿಂದ ಬರುವ ಗೋಳಿಬಜೆಯ ಪರಿಮಳಕ್ಕೆ ಬಾಯಲ್ಲಿ ನೀರೂರಿರಬೇಕು ಎಂದುಕೊಂಡಳು. ಅದಕ್ಕೇ ಈ ಸಲ ಬೆಳಿಗ್ಗೆಯೇ ಬರಹೇಳಿದ್ದು. ಆದರೂ ಮನಸ್ಸು ಒಪ್ಪಲಿಲ್ಲ. ಹತ್ತಿ ಒಣಗಿದ್ದರೂ ಹಲ್ಲು ಒದ್ದೆಯಾಗಬೇಕಾದರೆ ಕಳ್ಳ ಬಾಯಿಯ ಒಳಗೇ ಇರಬೇಕು.

ಕಜೆಟನನನ್ನು ಕುರ್ಚಿಯಲ್ಲಿ ಕೂರಿಸಿ ಎಲ್ಲವನ್ನೂ ಮೊದಲಿನಂತೆಯೇ ಮಾಡಿದಳು. ಹತ್ತಿ, ಸ್ಪಿರಿಟ್ಟು, ಗಾಳಿ. “ಅಲ್ಲಾಡಬೇಡಿ,” ಎಂದು ಕಿಟಕಿಯ ಬಳಿಯ ಗಾಜಿನ ಹಲಗೆಯ ಕಡೆಗೆ ತಿರುಗಿದಳು. ಸಿಮೆಂಟಿನ ಹುಡಿಯನ್ನು ಅದರ ನೀರಿನಲ್ಲಿ ಸ್ವಲ್ಪ ಸ್ವಲ್ಪವಾಗಿ ಕಲಸುವುದಕ್ಕೆ ಒಂದೂವರೆ ನಿಮಿಷ ಬೇಕು. ಅಷ್ಟು ಹೊತ್ತು ಅವಳ ಬೆನ್ನು ರೋಗಿಯ ಕಡೆಗೆ. ಈ ಸಲ ಮಾತ್ರ ಅವಳು ಕಲಸುವ ನಾಟಕ ಮಾಡುತ್ತ, ಎದುರಿಗಿದ್ದ ಔಷಧದ ಕಪಾಟಿನ ಗಾಜಿನಲ್ಲಿ ಕುರ್ಚಿಯನ್ನೇ ನೋಡುತ್ತ ನಿಂತಳು.

ಮೊದಲು ಏನೂ ಇಲ್ಲ. ಆಮೇಲೆ ಕಜೆಟನನ ಬೆರಳು ಕುರ್ಚಿಯ ಕೈಯ ಮೇಲೆ ಒಂದೊಂದಾಗಿ ಏಳತೊಡಗಿದವು. ಎಡಗೈ ಮೂರು, ಬಲಗೈ ಮೂರು, ಮತ್ತೆ ಕಿರುಬೆರಳು. ಕಣ್ಣು ಮುಚ್ಚಿತ್ತು. ತೆರೆದ ಬಾಯೊಳಗೆ ನಾಲಗೆಯ ತುದಿ ಮೆಲ್ಲನೆ ಎದ್ದು ಮೋಟು ಹಲ್ಲನ್ನು ಮುಟ್ಟಿ ಇಳಿಯಿತು. ಬೆರಳು ಎದ್ದಾಗಲೆಲ್ಲ ನಾಲಗೆಯೂ ಎದ್ದಿತು. ತಕ್, ತಕ್, ತಕ್.

“ಪೊರ್ಬುಗಳೇ!” ಕುಶಲಾ ಗಿರ್ರನೆ ತಿರುಗಿದಳು. “ಎಂತ ನುಡಿಸ್ತಾ ಇದ್ದೀರಿ?”

ಕಜೆಟನ್ ಬೆಚ್ಚಿಬಿದ್ದ. ಅವಳು ಹತ್ತಿ ತೆಗೆದ ಮೇಲೆ ತೊದಲಿದ: “ನಾನು? ಏನೂ ಇಲ್ಲ. ಕಾರ್ಕಳದಲ್ಲಿ ಪಾದ್ರಿಗಳ ಪೂಜೆ ಮುಗಿದು ಇಗರ್ಜಿಯಿಂದ ಹೊರಡುವಾಗಿನ ಮಾರ್ಚ್... ಮನಸ್ಸಿನಲ್ಲೇ. ಹೆದರಿಕೆ ಆದರೆ ನಾನು ಹಾಗೆ. ಸಣ್ಣಂದಿನಿಂದಲೂ.”

“ಹೆದರಿಕೆ ಎಂತಕ್ಕೆ?”

“ನಿಮ್ಮ ಕುರ್ಚಿ ಅಂದರೆ ನನಗೆ ಪ್ರಾಣ ಹೋಗ್ತದೆ ಡಾಕ್ಟ್ರೇ,” ಎಂದ ಕಜೆಟನ್, ಪಾಪನಿವೇದನೆ ಮಾಡುವವನಂತೆ.

ಕುಶಲಾ ನಗಬೇಕೋ ಬೈಯಬೇಕೋ ತಿಳಿಯದೆ ಎರಡನ್ನೂ ಮಾಡಿದಳು. ಎರಡು ಸಲವೂ ಅವಳು ಬೆನ್ನು ತಿರುಗಿಸಿದ ಕೂಡಲೇ ಈ ಮಹಾರಾಯ ಇಡೀ ಮಾರ್ಚು ನುಡಿಸಿ, ಒಣಗಿಸಿದ ಹಲ್ಲಿಗೆ ಸ್ವರಕ್ಕೊಂದರಂತೆ ಉಗುಳು ಬಳಿದಿದ್ದಾನೆ! ಕ್ಲಾರಿನೆಟ್ಟಿನವರು ಪ್ರತಿ ಸ್ವರವನ್ನೂ ನಾಲಗೆಯ ತುದಿಯಿಂದ ಶುರುಮಾಡುತ್ತಾರೆ. ವಾದ್ಯ ಬಾಯಲ್ಲಿಲ್ಲದಾಗ ನಾಲಗೆ ಸಿಕ್ಕಿದ ಹಲ್ಲನ್ನೇ ಮುಟ್ಟುತ್ತಿತ್ತು.

“ಇನ್ನು ನುಡಿಸಬೇಡಿ,” ಎಂದು ಮತ್ತೆ ಹತ್ತಿ ಇಟ್ಟಳು. ಎಣಿಸಿ ಹತ್ತು ಸೆಕೆಂಡು ಸುಮ್ಮನಿದ್ದ. ಹನ್ನೊಂದಕ್ಕೆ ಬೆರಳು ಎದ್ದಿತು, ನಾಲಗೆ ಎದ್ದಿತು. ಹತ್ತಿ ಬದಲಾಯಿಸಿ, ಮನಸ್ಸಿನಲ್ಲೇ ಪ್ರಾರ್ಥನೆ ಹೇಳಿಕೊಳ್ಳಲು ಹೇಳಿದಳು. ಆ ಪ್ರಾರ್ಥನೆಗೂ ರಾಗ ಹುಟ್ಟಿತು.

“ಅಯ್ಯೋ ದೇವರೇ, ಇವರನ್ನು ಕಟ್ಟಿಹಾಕಿ ಡಾಕ್ಟ್ರೇ,” ಎಂದಳು ವೆರೊನಿಕಾ.

ಕುಶಲಾ ಅವಳನ್ನೇ ನೋಡಿದಳು. ಬೆರಳು ಏಳದೆ ನಾಲಗೆ ಒಂದು ಸಲವೂ ಎದ್ದಿರಲಿಲ್ಲ. ಹತ್ತೊಂಬತ್ತು ವರ್ಷ ಎರಡೂ ಒಟ್ಟಿಗೆ ಕೆಲಸ ಮಾಡಿವೆ.

“ಬಾಯಮ್ಮ, ಬನ್ನಿ ಇಲ್ಲಿ. ಇವರ ಎರಡೂ ಕೈ ಹಿಡ್ಕೊಳ್ಳಿ. ಗಟ್ಟಿಯಾಗಿ, ಬೆರಳು ಅಲ್ಲಾಡಬಾರದು.”

ಅಷ್ಟು ಹೊತ್ತು ಮನೆಯೊಡತಿಯ ಗತ್ತಿನಲ್ಲಿದ್ದ ವೆರೊನಿಕಾಳ ಮುಖ ಕೆಂಪೇರಿತು. “ನಾನಾ? ಹೊರಗೆ ಜನ ಕೂತಿದ್ದಾರೆ! ಮದುವೆಯಾಗಿ ಇಪ್ಪತ್ತೆರಡು ವರ್ಷ ಆಯ್ತು, ಪಾದ್ರಿಗಳು ಹಿಡಿಸಿದ ಮೇಲೆ ನಾಲ್ಕು ಜನರ ಎದುರು ಇವರ ಕೈ ಹಿಡಿದದ್ದಿಲ್ಲ.”

“ಬುಧವಾರ ಇವರು ತಾಳ ಹೊಡೀಬೇಕಾ?”

ವೆರೊನಿಕಾ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬಂದಳು. ಗಂಡನ ಹತ್ತು ಬೆರಳನ್ನೂ ತನ್ನ ಎರಡು ಅಂಗೈಯಲ್ಲಿ ಸೇರಿಸಿ ಹಿಡಿದು ಮುಖ ಗೋಡೆಯ ಕಡೆ ತಿರುಗಿಸಿಕೊಂಡಳು. ಕಜೆಟನ್ ಒಮ್ಮೆ ಅವಳತ್ತ ಕಣ್ಣು ಹೊರಳಿಸಿದ. ಅವನ ಹೆಗಲು ಇಳಿಯಿತು. ನಾಲಗೆ ಬಾಯಿಯ ತಳದಲ್ಲಿ ಅಲುಗಾಡದೆ ಮಲಗಿತು.

ಕುಶಲಾ ಇನ್ನು ತಡಮಾಡಲಿಲ್ಲ. ಹಳೆಯ ಸಿಮೆಂಟನ್ನು ಕೆರೆದು, ಮೋಟನ್ನು ಹೊಸದಾಗಿ ಒರೆಸಿ, ಹಲ್ಲು ಸೀಮೆಸುಣ್ಣದಂತೆ ಮಂಕಾಗುವವರೆಗೆ ಗಾಳಿ ಊದಿದಳು. ಗಾಜಿನ ಹಲಗೆಯನ್ನು ಕುರ್ಚಿಯ ಪಕ್ಕಕ್ಕೇ ತಂದು, ಅವನ ಬಾಯಿಯಿಂದ ಕಣ್ಣು ತೆಗೆಯದೆ ಕಲಸಿದಳು. ಕ್ಯಾಪು ಕೂರಿಸಿ ಹೆಬ್ಬೆರಳಿನಿಂದ ಒತ್ತಿ ಹಿಡಿದು ಗಡಿಯಾರ ನೋಡಿದಳು. ಹತ್ತು ನಿಮಿಷವಾದ ಮೇಲೆ ಬೆರಳು ತೆಗೆದಳು.

“ಆಯಿತು. ನಾಳೆ ಬೆಳಿಗ್ಗೆಯವರೆಗೆ ವಾದ್ಯ ಮುಟ್ಟಬೇಡಿ, ಮನಸ್ಸಿನಲ್ಲೂ ಬೇಡ. ಮಾರ್ಚು ನೆನಪಾದರೆ ಬಾಯಮ್ಮ ಕೈ ಹಿಡ್ಕೊಳ್ಳಲಿ. ನಾಳೆ ಈ ಹೊತ್ತಿಗೆ ಅದು ಕಲ್ಲು.”

ಬುಧವಾರ ಕುಶಲಾಳಿಗೆ ಕಾರ್ಕಳದಲ್ಲಿ ಕೆಲಸವೇನೂ ಇರಲಿಲ್ಲ. ಹಲ್ಲು ನಿಲ್ಲುತ್ತದೆಂದು ಅವಳಿಗೆ ಗೊತ್ತಿತ್ತು, ಹೋಗಿ ನೋಡುವ ಅಗತ್ಯವೇ ಇಲ್ಲ ಎಂದು ಬೆಳಿಗ್ಗೆಯಿಂದ ಮೂರು ಸಲ ಹೇಳಿಕೊಂಡಳು. ನಾಲ್ಕನೆಯ ಸಲ ಹೇಳಿಕೊಳ್ಳುವಾಗ ಬಸ್ಸಿನಲ್ಲಿ ಕೂತಿದ್ದಳು.

ಇಗರ್ಜಿಯ ಬಾಗಿಲು ತೆರೆಯಿತು. ಲಿಯೋನೆಲ್ ಮಾಸ್ಟರು ಕೈ ಎತ್ತಿದರು. ಹೆರಾಲ್ಡ್ ಡ್ರಮ್ಮಿನ ಪಕ್ಕದಿಂದ ಕಜೆಟನನ ಬಾಯಿಯನ್ನೇ ನೋಡುತ್ತಿದ್ದ, ಕ್ಯಾಚು ಹಿಡಿಯಲು ನಿಂತವನಂತೆ. ಕಜೆಟನ್ ವಾದ್ಯದ ಬಾಯಿಯನ್ನು ಹಲ್ಲಿಗೆ ಒತ್ತಿ ಊದಿದ. ಮೆಟ್ಟಲಿಳಿದು, ಅಂಗಳ ದಾಟಿ, ಗೇಟಿನವರೆಗೆ ಊದಿದ. ಮಾರ್ಚಿನ ಕೊನೆಯಲ್ಲಿ ಒಂದು ಎತ್ತರದ ಸ್ವರ ಇತ್ತು. ಅಲ್ಲಿ ನಿಂತು, ಜನ ಚಪ್ಪಾಳೆ ತಟ್ಟುವವರೆಗೂ ಅದನ್ನು ಬಿಡಲಿಲ್ಲ. ಹಲ್ಲು ಅಲುಗಲಿಲ್ಲ. ಕುಶಲಾಳಿಗೆ ಕುಣಿಯಬೇಕೆನ್ನಿಸಿತು. ಡಾಕ್ಟರಾದ್ದರಿಂದ ಕುಣಿಯಲಿಲ್ಲ.

ಕಜೆಟನ್ ಬೆವರು ಒರೆಸುತ್ತ ಬಂದ. ಪಕ್ಕದಲ್ಲಿ ವೆರೊನಿಕಾ ಇದ್ದಳು.

“ಬಾಯಿ ತೆಗೀರಿ,” ಎಂದು ಕುಶಲಾ ಅಲ್ಲೇ ಹಲ್ಲನ್ನು ಅಲ್ಲಾಡಿಸಿ ನೋಡಿದಳು. ಕಲ್ಲು!

“ಹಲ್ಲೇನೋ ಸರಿಯಾಯ್ತು ಡಾಕ್ಟ್ರೇ,” ಎಂದಳು ವೆರೊನಿಕಾ, ಸುತ್ತ ನೋಡಿ ದನಿ ತಗ್ಗಿಸಿ. “ನೀವು ಕೈ ಹಿಡೀಲಿಕ್ಕೆ ಒಂದು ದಿನ ಅಂದಿದ್ದಿರಿ. ಇವರು ಸೋಮವಾರದಿಂದ ಬಿಡ್ತಾನೇ ಇಲ್ಲ. ಬಸ್ಸಿನಲ್ಲಿ ಕೂಡ! ಇಷ್ಟು ಸಾಕು ಅಂತ ನೀವೇ ಸ್ವಲ್ಪ ಹೇಳಿ.”

ಕುಶಲಾ ಕೆಳಗೆ ನೋಡಿದಳು. ಕ್ಲಾರಿನೆಟ್ ಕಜೆಟನನ ಎಡಗೈಯಲ್ಲಿತ್ತು. ಬಲಗೈಯ ಬೆರಳು ಹೆಂಡತಿಯ ಕೈಯೊಳಗೆ ಸುಮ್ಮನೆ ಕೂತಿದ್ದವು. ಹಿಡಿದದ್ದು ಅವನೊಬ್ಬನೇ ಅಲ್ಲ.

ಸಿಮೆಂಟಿನ ವಿಷಯದಲ್ಲಿ ಕುಶಲಾ ಅದುವರೆಗೆ ಯಾರಿಗೂ ಸುಳ್ಳು ಹೇಳಿದವಳಲ್ಲ.

“ಇಲ್ಲ ಬಾಯಮ್ಮ,” ಎಂದಳು ಗಂಭೀರವಾಗಿ. “ಅದು ಪೂರ್ತಿ ಗಟ್ಟಿಯಾಗ್ಲಿಕ್ಕೆ ಇನ್ನೂ ಸಮಯ ಉಂಟು. ಬಿಡಬೇಡಿ.”