ಉಳಿದ ಪಿರಿಯಡ್

ಹೆಣ ಹೊರುವ ವಿಮಾನಕ್ಕೆ ಬಾಳೆಕಂಬ ಕಟ್ಟುತ್ತಲೇ ರಾಚಪ್ಪ ದನಿ ತಗ್ಗಿಸಿ ಕೇಳಿದರು: “ನಾಳೆ ಮುಂಜಾನೆ ಎಂಟರ ಮೊದಲನೇ ಪಿರಿಯಡ್ ಯಾರು ತಗೋತೀರಿ?”

ಇಳಕಲ್ಲಿನ ಕಾಲೇಜಿನಲ್ಲಿ ಅವರು ಇತಿಹಾಸ ವಿಭಾಗದ ಮುಖ್ಯಸ್ಥರು. ಅದೇ ವಿಭಾಗದ ಅಂದಾನಪ್ಪನವರು ನಿನ್ನೆ ಸಂಜೆ ಎದೆನೋವಿನಿಂದ ತೀರಿಕೊಂಡಿದ್ದರು. ಅವರಿಗೆ ಹಣೆತುಂಬ ವಿಭೂತಿ ಹಚ್ಚಿ ಮನೆಯ ಮುಂದಿನ ಕಟ್ಟೆಯ ಮೇಲೆ ಕೂಡಿಸಿದ್ದರು. ಪರೀಕ್ಷೆ ಹತ್ತಿರ ಬಂದದ್ದು ಖರೆ, ಆದರೂ ಹೆಣದ ಮುಂದೆ ಕೇಳುವ ಮಾತೇ ಇದು?

“ನನ್ನ ಪೂಜಿ ಮುಗಿಯೂದ ಒಂಬತ್ತಕ್ಕ,” ಅಂದರು ಅದೇ ವಿಭಾಗದ ಬಸಯ್ಯ.

“ಹೆಂಡ್ತಿನ್ನ ಹುನಗುಂದದ ಸಾಲಿಗಿ ಬಿಡಬೇಕ್ರಿ,” ಅಂದರು ಇನ್ನೊಬ್ಬ ಉಪನ್ಯಾಸಕ ದುಂಡೇಶ.

ರಾಚಪ್ಪ ಅತಿಥಿ ಉಪನ್ಯಾಸಕಿ ಶೈಲಾಳತ್ತ ತಿರುಗಿದರು. “ಹಂಗಾರ ನೀನ ತಗೋಬೇಕವಾ. ಆಗಂಗಿಲ್ಲಂದ್ರ ನಿನ್ನ ಜಾಗಾಕ್ಕ ಬ್ಯಾರೆಯವರನ್ನ ನೋಡಬೇಕಾಕ್ಕೈತಿ.”

ಅವಳಿರುವ ಕುಳಗೇರಿ ಕ್ರಾಸಿನಿಂದ ಹೊರಟ ಮೊದಲ ಬಸ್ಸು ಇಳಕಲ್ಲು ಮುಟ್ಟುವಷ್ಟರಲ್ಲಿ ಆ ಪಿರಿಯಡ್ ಮುಗಿದೇ ಹೋಗಿರುತ್ತದೆ. ಶೈಲಾಳ ಮನೆ ನಡೆಯುವುದು ಈ ಒಂದು ಕೆಲಸದ ಮೇಲೆ. ತಾನು ಅಳುತ್ತಿರುವುದು ಸರ್ ಹೋದದ್ದಕ್ಕೋ, ಕೆಲಸ ಹೋಗುವುದಕ್ಕೋ ಅವಳಿಗೇ ತಿಳಿಯಲಿಲ್ಲ.

*

ಕಾಲೇಜು ಸುರುವಾಗುವಾಗೆಲ್ಲ ಇದೇ ಹಾಡು. ವೇಳಾಪಟ್ಟಿಯ ಕರಡು ಟೇಬಲ್ಲಿನ ಮೇಲೆ ಬಿದ್ದರೆ ಸಾಕು, ಎಲ್ಲರಿಗೂ ಒಂದೊಂದು ತಾಪತ್ರಯ ನೆನಪಾಗುತ್ತಿತ್ತು. ಕಾಲೇಜಿನ ಹಿಂದೆಯೇ ಮನೆಯಿದ್ದ ರಾಚಪ್ಪನವರಿಗೆ ವಾಕಿಂಗು. ಅಂದಾನಪ್ಪನವರು ಕನ್ನಡಕ ಒರೆಸುತ್ತ ಕಡೆಗೆ ಕೇಳುವರು: “ಯಾವುದು ಉಳೀತು? ಅದು ನನಗಿರಲಿ.” ಶೈಲಾ ಸೇರಿದ ವರ್ಷ ಅವಳ ಪಾಲಿಗೆ ಬಂದಿದ್ದ ಮೊದಲ ಪಿರಿಯಡ್ಡನ್ನೂ ಹಾಗೆಯೇ ಎತ್ತಿಕೊಂಡಿದ್ದರು.

“ಮಕ್ಕಳಿಲ್ಲ ಮರಿಯಿಲ್ಲ, ಅವರಿಗೇನ ತ್ರಾಸು,” ಎನ್ನುತ್ತಿದ್ದರು ಉಳಿದವರು. ಹೆಂಡತಿಗೆ ಆರಾಮಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಎಷ್ಟು ಆರಾಮಿಲ್ಲ ಎಂದು ಯಾರೂ ಕೇಳಿರಲಿಲ್ಲ.

*

“ಅಕ್ಕಾರನ್ನ ಹೊರಗ ಕರಕೊಂಡ ಬರ್ರಿ, ಮುಖಾ ನೋಡ್ಲಿ,” ಎಂದು ಯಾರೋ ಕೂಗಿದರು.

ರಾಚಪ್ಪ, ದುಂಡೇಶ ಕುರ್ಚಿ ಹಿಡಿದು ಒಳಗೆ ಹೋದರು. ಹಿಂದೆ ಶೈಲಾ. ಮಂಚದ ಮೇಲೆ ಅಂದಾನಪ್ಪನವರ ಹೆಂಡತಿ ಶಿವಲಿಂಗವ್ವ ಕೂದಲು ಕೆದರಿಕೊಂಡು ಕುಳಿತಿದ್ದರು. ಲಕ್ವಾ ಹೊಡೆದ ಬಲಗೈ ಮಡಿಲಲ್ಲಿ ಬಿದ್ದಿತ್ತು.

“ತಲಿ ಬಾಚದ ನಾ ಬರಂಗಿಲ್ಲ,” ಅಂದರು. “ಜಳಕಾ ಮಾಡಿಸಿ, ತಲಿ ಬಾಚಿ, ರೊಟ್ಟಿ ತಿನ್ನಿಸಿದ ಮ್ಯಾಲೇ ಅವರು ಕಾಲೇಜಿಗಿ ಹೋಗತಿದ್ರು. ಇವತ್ತ ಹಿಂಗ ಅವರ ಮುಂದ ಹ್ಯಾಂಗ ಬರ್ಲಿ?”

“ದಿನಾ ಅವರ ಮಾಡತಿದ್ರೇನ್ರಿ?” ರಾಚಪ್ಪ ಕೇಳಿದರು. “ಅಷ್ಟ ನಸುಕಿನ್ಯಾಗ?”

“ಮತ್ಯಾರ ಮಾಡ್ಬೇಕ್ರಿ? ‘ಮುಂಜಾನಿ ಪಾಠ ಯಾರಿಗೂ ಒಗ್ಗೂದಿಲ್ಲಂತ, ನನಗ ಒಗ್ಗತೈತಿ’ ಅಂತಿದ್ರು.”

ರಾಚಪ್ಪನವರಿಗೆ ತಲೆ ಎತ್ತಲಾಗಲಿಲ್ಲ. ನೆಲ ನೋಡುತ್ತಲೇ ಹೇಳಿದರು: “ಶೈಲಾ, ಆ ಮೊದಲನೇ ಪಿರಿಯಡ್ ನಾ ತಗೋತೇನಿ. ನಿನ್ನ ಕೆಲಸ ಇದ್ದಂಗ ಇರಲಿ.”

ಶೈಲಾ ಹಣಿಗೆ ತೆಗೆದುಕೊಂಡು ಸಿಕ್ಕು ಬಿಡಿಸಿದಳು. ತೆಗೆದ ಬೈತಲೆ ಓರೆಯಾಯಿತು. ಕೆಡಿಸಿ ಮತ್ತೆ ತೆಗೆಯಹೋದರೆ ಶಿವಲಿಂಗವ್ವ ಎಡಗೈಯಿಂದ ತಡೆದರು.

“ಇರ್ಲಿ ಬಿಡವಾ. ಅವರು ತಗದದ್ದೂ ಹಿಂಗ ಸೊಟ್ಟ ಇರತಿತ್ತು.”

ಕುರ್ಚಿಯನ್ನು ಕಟ್ಟೆಯ ಎದುರು ಇಳಿಸಿದರು. ಶಿವಲಿಂಗವ್ವ ಬಾಗಿ, ಆ ಸೊಟ್ಟ ಬೈತಲೆಯನ್ನು ಗಂಡನ ಮೊಣಕಾಲಿಗೆ ಹಚ್ಚಿದರು.