ಹೆಪ್ಪಿಗೂ ಉಳಿಯದ ಶಮಾಮಾ

ಅತ್ತರಿನ ಊರಾದ ಕನೌಜಿನಲ್ಲಿ ಮನೆತನವೆಂದರೆ ಒಂದು ವಾಸನೆ. ಮೆಹ್ರೋತ್ರಾ ಮನೆಯದು ಶಮಾಮಾ: ಬೇರು, ಪಾಚಿ, ಮಸಾಲೆಗಳ ಸಾರವನ್ನು ಗಂಧದೆಣ್ಣೆಗೆ ಇಳಿಸಿದ ಚಳಿಗಾಲದ ಅತ್ತರು. ಪ್ರತಿವರ್ಷದ ಹೊಸ ಅತ್ತರಿಗೆ ಮನೆಯ ಯಜಮಾನ ಗಿರ್‌ಧರ್ ಬಾಬು ತಂದೆಯ ಕಾಲದ ಚರ್ಮದ ಕುಪ್ಪಿಯಿಂದ ಒಂದಿಷ್ಟು ಹಳೆಯದನ್ನು ಬೆರೆಸುತ್ತಿದ್ದರು, ಹಾಲಿಗೆ ಹೆಪ್ಪು ಹಾಕಿದ ಹಾಗೆ. ತೆಗೆದಷ್ಟನ್ನೂ ಹೊಸದರಿಂದ ತುಂಬಿಡುತ್ತಿದ್ದರು. ಯಾವ ಬೇರು ಎಷ್ಟು ಎಂಬುದನ್ನು ತಂದೆ ಹೇಳದೆ ಸತ್ತಿದ್ದರು. ಮಗ ಕೇಳಿಯೂ ಇರಲಿಲ್ಲ. ಕುಪ್ಪಿ ಇತ್ತಲ್ಲ.

ಹಾಗಿರುವಾಗ ನೋಟೀಸು ಬಂತು. ದುಬೈಗೆ ಕಳಿಸಿದ ಅತ್ತರಿನ ಮೇಲೆ ಕಟ್ಟಿದ್ದ ತೆರಿಗೆಯನ್ನು ಸರ್ಕಾರ ಕೆಲವು ವರ್ಷಗಳ ಹಿಂದೆ ತಾನೇ ಮರಳಿಸಿತ್ತು. ಈಗ ನಿಯಮ ತಿದ್ದಿ, ತಿದ್ದಿದ್ದು ಅಂದಿನಿಂದಲೇ ಜಾರಿ ಎಂದುಬಿಟ್ಟಿತ್ತು. ಹೊರದೇಶದಿಂದ ಸುಂಕವಿಲ್ಲದೆ ಗಂಧದೆಣ್ಣೆ ತರಿಸಿಕೊಂಡವರಿಗೆ ಆ ಹಣ ಸಲ್ಲುವುದಿಲ್ಲ, ಬಡ್ಡಿ ಸಮೇತ ವಾಪಸು ಕಟ್ಟಿ. ಊಟಕ್ಕೆ ಕರೆದವರೇ ಉಂಡವರ ಮನೆಗೆ ಬಂದು ಅನ್ನ ವಾಪಸು ಕೇಳಿದಂತಾಯಿತು.

ಅಲಹಾಬಾದಿನ ವಕೀಲ ರಿಜ್ವಿ ಸಾಹೇಬರು ಹೈಕೋರ್ಟಿನಲ್ಲಿ ರಿಟ್ ಹಾಕಿದರು. "ನಿನ್ನೆ ಮುಗಿದ ಆಟಕ್ಕೆ ಇವತ್ತು ನಿಯಮ ಬರಿಯೋಕಾಗಲ್ಲ ಗಿರ್‌ಧರ್ ಭಾಯಿ. ತಡೆಯಾಜ್ಞೆ ಬಂದೇ ಬರತ್ತೆ. ಅಲ್ಲೀವರೆಗೂ ಉಸಿರು ಬಿಗಿಹಿಡ್ಕೊಂಡು ಕೂತ್ಕೊಳಿ, ಸಾಕು."

ಕೂರುವುದೇ ಕಷ್ಟವಾಯಿತು. ಬ್ಯಾಂಕಿನ ಖಾತೆ ಮುಟ್ಟುಗೋಲಾಗುತ್ತದೆಂದು ಬಜಾರಿನಲ್ಲಿ ಸುದ್ದಿ. ಹೂವಿನವನು ಸಾಲ ನಿಲ್ಲಿಸಿದ. ಪಾನ್ ಅಂಗಡಿಯ ಬಚ್ಚನ್‌ಲಾಲ್ ಸುಣ್ಣ ಸವರುತ್ತ, ಬಾಬೂ, ಬೀಗ ಅಂಗಡಿಗಾ ಮನೆಗಾ ಎಂದು ವಿಚಾರಿಸಿಕೊಂಡ. ನೋಟೀಸನ್ನು ತಡೆದುಕೊಂಡಿದ್ದ ಗಿರ್‌ಧರ್ ಬಾಬುವಿಗೆ ಇದನ್ನು ತಡೆಯಲಾಗಲಿಲ್ಲ.

ಲಖನೌದ ವ್ಯಾಪಾರಿಯೊಬ್ಬ ಆ ಕುಪ್ಪಿಗೆ ಹೊಂಚುಹಾಕಿ ವರ್ಷಗಳಾಗಿದ್ದವು. ಕೇಳಿದ ಬೆಲೆ ಕೊಟ್ಟ. ಒಂದೇ ಷರತ್ತು: ಮೆಹ್ರೋತ್ರಾ ಮನೆಯೊಳಗೆ ಅದರದಾಗಲಿ, ಅದು ಬೆರೆತ ಅತ್ತರಿನದಾಗಲಿ ಒಂದು ಹನಿಯೂ ಇರಕೂಡದು.

"ಒಂದು ಚಮಚ ತೆಗೆದಿಡ್ರೀ," ಎಂದರು ಹೆಂಡತಿ ಸರಳಾ. "ಯಾರು ನೋಡ್ತಾರೆ?"

"ಮಾತು ಕೊಟ್ಟಾಗಿದೆ."

"ಮೊಸರು ಮಾರೋಳೂ ನಾಳೆಗೆ ಹೆಪ್ಪು ಇಟ್ಕೊಂಡೇ ಮಾರ್ತಾಳೆ. ನಿಮಗೆ ಅಷ್ಟೂ ಬುದ್ಧಿ ಬೇಡ್ವಾ?"

ಮಾತು ಉಳಿಯಿತು, ಕುಪ್ಪಿ ಹೋಯಿತು. ಇಲಾಖೆಗೆ ಪೂರ್ತಿ ಹಣ ಕಟ್ಟಿದ ಮರುವಾರವೇ ತಡೆಯಾಜ್ಞೆ ಬಂತು. ಅಂಥದೇ ನೋಟೀಸು ಬಂದು ಕಟ್ಟದೆ ಕೂತಿದ್ದ ಬೇರೆ ಅತ್ತರಿನವರು ಆ ಸಂಜೆ ಬಜಾರಿನಲ್ಲಿ ಜಿಲೇಬಿ ಹಂಚಿದರು. ಗಿರ್‌ಧರ್ ಬಾಬುವಿಗೆ ಎರಡು ಹೆಚ್ಚೇ ಕೊಟ್ಟರು.

ಆ ಚಳಿಗಾಲದ ಶಮಾಮಾ ಕಷಾಯದ ವಾಸನೆ ಹೊಡೆಯಿತು. ಮುಂದಿನದು ಅದಕ್ಕಿಂತ ಒಳ್ಳೆಯ ಕಷಾಯ. ದುಬೈನವರು ಬಹಳ ಮರ್ಯಾದೆಯಿಂದ ಕ್ಷೇಮ ವಿಚಾರಿಸಿದರು, ಆರ್ಡರು ಕಳಿಸಲಿಲ್ಲ.

ಕಡೆಗೊಂದು ದಿನ ತೀರ್ಪು ಬಂತು. ನಿಯಮವನ್ನು ಹಿಂದಕ್ಕೆ ಎಳೆದು ಅನ್ವಯಿಸುವಂತಿಲ್ಲ, ನೋಟೀಸು ರದ್ದು, ಕಟ್ಟಿದ್ದೆಲ್ಲ ಬಡ್ಡಿ ಸಮೇತ ವಾಪಸು. ಕೋರ್ಟಿನ ವರಾಂಡದಲ್ಲಿ ರಿಜ್ವಿ ಸಾಹೇಬರು ಕಕ್ಷಿದಾರನನ್ನು ಅಪ್ಪಿಕೊಂಡು, ಜೇಬಿನಿಂದ ಪುಟ್ಟ ಸೀಸೆ ತೆಗೆದು, ಹತ್ತಿಯ ಎಳೆ ಅದ್ದಿ ಅವರ ಕಿವಿಗೆ ಸಿಕ್ಕಿಸಿದರು. "ಲಖನೌದಿಂದ ತರಿಸಿದ್ದು. ನಿಮ್ಮ ಮುಂದೆ ಅತ್ತರಿನ ಮಾತಾಡೋ ಯೋಗ್ಯತೆ ನನಗಿಲ್ಲ, ಆದ್ರೂ ಹೇಗಿದೆ ಹೇಳಿ."

ಲಖನೌದ ವ್ಯಾಪಾರಿ ಪ್ಯಾರಾಫಿನ್ ಎಣ್ಣೆ ಸುರಿದು ತೆಳುವಾಗಿಸಿದ್ದ. ಆ ತೆಳುವಿನ ತಳದಲ್ಲಿ, ಶಾಲು ಹೊದ್ದು ಭಟ್ಟಿಯ ಮುಂದೆ ಕೂತ ತಂದೆ.

"ಚೆನ್ನಾಗಿದೆ ವಕೀಲ್ ಸಾಹೇಬ್ರೇ," ಎಂದರು ಗಿರ್‌ಧರ್ ಬಾಬು.

ಕನೌಜಿಗೆ ಬಂದವರು ಹೊಸ್ತಿಲ ಹತ್ತಿರ ನಿಂತರು. ಹತ್ತಿಯನ್ನು ಬಿಸಾಡಲು ಕೈ ಬರಲಿಲ್ಲ, ಮಾತು ಕೊಟ್ಟ ಮೇಲೆ ಒಳಗೆ ಒಯ್ಯುವಂತಿರಲಿಲ್ಲ. ಹೊರಗಿನ ಕಟ್ಟೆಯ ಮೇಲೆ ಕೂತರು. ಗೆದ್ದ ಸುದ್ದಿ ಫೋನಿನಲ್ಲೇ ಕೇಳಿದ್ದ ಸರಳಾ, ಸುಮ್ಮನೆ ಕುಪ್ಪಿ ಕಳೆದದ್ದಕ್ಕೆ ಬೈಯಲೆಂದೇ ಆಚೆ ಬಂದವರು ಬಾಗಿಲಲ್ಲೇ ತಡೆದು ನಿಂತರು.

"ಮಾವನೋರು ಬಂದಂಗಿದೆಯಲ್ರೀ."

ಅವರು ಕಿವಿಯತ್ತ ಕೈ ತೋರಿಸಿದರು. ಸರಳಾ ಹೆಪ್ಪಿನ ಮಾತೆತ್ತಲಿಲ್ಲ. ಸೆರಗು ಸರಿಮಾಡಿಕೊಂಡು ಕಿವಿಯಿದ್ದ ಕಡೆಗೇ ಒತ್ತಿ ಕೂತರು. ವಾಸನೆ ಆರುವವರೆಗೂ ಇಬ್ಬರೂ ಒಳಗೆ ಹೋಗಲಿಲ್ಲ.