ಟವಲ್ ಕೆಳಗಿನ ಕಾರು

ಹಂಚಿನ ಮೇಲಿನ ರೊಟ್ಟಿ ಉಬ್ಬುವ ಹೊತ್ತಿಗೆ ಸರಿಯಾಗಿ ದುರುಗೇಶ ಕಾರಿನ ಬಣ್ಣ ಬದಲಾಯಿಸಿದ.

"ಬಿಳಿದು ಬ್ಯಾಡ ಬೇ ಯವ್ವಾ," ಎಂದ, ಅಡುಗೆಮನೆಯ ಬಾಗಿಲಿಗೆ ಒರಗಿ, ಮೊಬೈಲಿನಿಂದ ಕಣ್ಣೆತ್ತದೆ. "ಮಾನ್ವಿ ದಾರ್ಯಾಗ ಗದ್ದಿ ಕೆಸರು ಹತ್ತತದ. ಬೂದಿ ಬಣ್ಣದ್ದು ನೋಡಾಕತ್ತೀನಿ."

ಕರೆಮ್ಮ ರೊಟ್ಟಿಯ ಅಂಚನ್ನು ಬಟ್ಟೆಯಿಂದ ಒತ್ತಿದಳು. "ಕಾರ್ ಎಲ್ಲಿ ಅದ ಈಗ?"

"ಷೋರೂಮಿನಾಗ."

"ಹಂಗಾರ ಕೆಸರು ಹತ್ತಂಗಿಲ್ಲ ಬಿಡು."

ದುರುಗೇಶ ಮಾನ್ವಿಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ರಾಯಚೂರಿನ ಮನೆಯಿಂದ ದಿನಾ ಬಸ್ಸಿಗೆ ಹೋಗಿ ಬಸ್ಸಿಗೆ ಬರುತ್ತಿದ್ದ. ಕಾರು ಕೊಳ್ಳುತ್ತೇನೆಂದು ಅವನು ಮೊದಲು ಹೇಳಿದ್ದು ಹೋದ ಯುಗಾದಿಗೆ. ಅಲ್ಲಿಂದ ಇಲ್ಲಿಯವರೆಗೆ ಆ ಕಾರು ಕೆಂಪಾಗಿ, ನೀಲಿಯಾಗಿ, ಬಿಳಿಯಾಗಿ ಈಗ ಬೂದಿಗೆ ಬಂದಿತ್ತು. ಕಚೇರಿಯಲ್ಲಿ ಎಲ್ಲರೂ ಒಂದೊಂದು ಬುದ್ಧಿ ಹೇಳುತ್ತಿದ್ದರು. ಪೆಟ್ರೋಲ್ ಒಳ್ಳೆಯದೆಂದು ಒಬ್ಬರು, ಗ್ಯಾಸ್ ಒಳ್ಳೆಯದೆಂದು ಇನ್ನೊಬ್ಬರು. ಎಲ್ಲರಿಗಿಂತ ಹೆಚ್ಚು ಹೇಳುವವರು ಸೈಕಲ್ಲಿಗೆ ಬರುವ ಹೆಡ್ ಕ್ಲಾರ್ಕು.

ಚಂದ್ರಬಂಡದ ಶಾಲೆಯಲ್ಲಿ ಟೀಚರ್ ಆಗಿದ್ದ ಸೊಸೆ ಮಲ್ಲೇಶ್ವರಿ ಮಾತ್ರ ಒಂದೇ ಮಾತಿನವಳು. "ಎಂಟು ಲಕ್ಷ," ಎಂದಿದ್ದಳು. "ಅದರ ಮ್ಯಾಲ ಒಂದು ರೂಪಾಯಿ ಹೋದ್ರ ಕಾರು ನಿಮ್ಮದು, ಮನಿ ನನ್ನದು. ಕಾರಿನಾಗ ಮಕ್ಕೋರಿ." ಗಂಡ ಅಂದಿನಿಂದ ಹಿಂದಿನ ಸೀಟಿನ ಉದ್ದ ವಿಚಾರಿಸುವುದನ್ನು ಬಿಟ್ಟಿದ್ದ.

ಮನೆಯ ಯಜಮಾನ ಕನಕರಾಯನ ಬೇಡಿಕೆಯೂ ಒಂದೇ. ಹಿಂದೆ ಡಿಕ್ಕಿ ಇರಬೇಕು. ಅವನು ದೇವದುರ್ಗದ ಸಂತೆಯಲ್ಲಿ ನಲವತ್ತು ವರ್ಷ ಕುರಿ ದಲ್ಲಾಳಿಯಾಗಿದ್ದವನು. "ಡಿಕ್ಕಿ ಇಲ್ಲದ ಕಾರು ಬಾಲ ಕೊಯ್ದ ಎತ್ತು ಇದ್ದಂಗ," ಎನ್ನುತ್ತಿದ್ದ. "ಮುಂದ ನೋಡಿದ್ರ ಚಂದ ಕಾಣತದ. ಹಿಂದ ನೋಡಿದ್ರ ಯಾರೋ ಕದ್ದು ಒಯ್ದಂಗ ಕಾಣತದ."

ಕರೆಮ್ಮನಿಗೆ ಬಣ್ಣ, ಬಾಲ, ಲಕ್ಷ ಯಾವುದೂ ಬೇಕಾಗಿರಲಿಲ್ಲ. ಅವಳಿಗೆ ಬೇಕಾದದ್ದು ಅಕ್ಕ.

ಅಕ್ಕ ಹುಲಿಗೆಮ್ಮ ದೇವದುರ್ಗ ತಾಲೂಕಿನ ಗೂಗಲ್ಲಿನಲ್ಲಿ, ಕೃಷ್ಣೆಯ ದಂಡೆಗೆ, ಮೊಮ್ಮಕ್ಕಳ ಗದ್ದಲದ ನಡುವೆ ಇದ್ದಳು. ಮೊಣಕಾಲು ಕೈಕೊಟ್ಟಿದ್ದರಿಂದ ಬಸ್ಸಿನ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ಒಂದು ತಿಂಗಳು ತಂಗಿಯ ಮನೆಯಲ್ಲಿದ್ದು ಹೋಗಬೇಕೆಂದು ಅವಳಿಗೆ ಆಸೆ. ದೀಪಾವಳಿಗೆ ಕಾರು ಬರುತ್ತದೆ, ಬಂದು ಕರೆದೊಯ್ಯುತ್ತೇವೆ ಎಂದು ದುರುಗೇಶ ಫೋನಿನಲ್ಲಿ ಒದರಿ ಹೇಳಿದ್ದ. ಆ ದಿನ ಹುಲಿಗೆಮ್ಮ ಗಂಟು ಕಟ್ಟಿಕೊಂಡು, ಹೊಸ ಸೀರೆ ಉಟ್ಟು, ಅಲ್ಲಮಪ್ರಭುವಿನ ಗುಡಿಯ ಕಟ್ಟೆಯ ಮೇಲೆ ದೀಪ ಹಚ್ಚುವತನಕ ಕುಳಿತಿದ್ದಳು. ಅಂದು ಕಾರು ನೀಲಿಯಿಂದ ಬಿಳಿಯಾಗುತ್ತಿತ್ತು.

ಮರುದಿನ ಅವಳು ಹೇಳಿ ಕಳಿಸಿದ್ದು ಇಷ್ಟೇ. ಇನ್ನು ಫೋನಿನ ಮಾತು ಬೇಡ, ಫೋನಿನ ಮಾತು ಗಾಳಿಗೆ ಹೋಗುತ್ತದೆ. ಬರುವ ದಿನ ಯಾವುದೆಂದು ಕಾಗದದಲ್ಲಿ ಬರೆದು ಹಾಕು, ಕಿರಾಣಿ ಅಂಗಡಿಯ ವಿರೂಪಣ್ಣ ಓದಿ ಹೇಳುತ್ತಾನೆ. ಬರೆದ ಮೇಲೆ ಗಂಟು ಕಟ್ಟುತ್ತೇನೆ.

ಕರೆಮ್ಮ ಅಂದೇ ಒಂದು ಇನ್‌ಲ್ಯಾಂಡ್ ಪತ್ರ ತರಿಸಿ ಬರೆದಿದ್ದಳು. ಕ್ಷೇಮ ಸಮಾಚಾರ, ಮಲ್ಲೇಶ್ವರಿಗೆ ಪಗಾರ ಹೆಚ್ಚಾದದ್ದು, ಪುಂಡಿ ಪಲ್ಯ ಈ ಸಲ ಹುಳಿ ಬಂದದ್ದು ಎಲ್ಲ ಬರೆದು, "ನಾವು" ಎಂದ ಮೇಲೆ ಒಂದು ಗೇಣು ಜಾಗ ಬಿಟ್ಟು, "ದಿನ ಬರುತ್ತೇವೆ" ಎಂದು ಮುಗಿಸಿದ್ದಳು. ಸುಳ್ಳು ದಿನ ಬರೆಯಲು ಅವಳ ಕೈ ಬರಲಿಲ್ಲ. ಪತ್ರ ಗಡಿಯಾರದ ಹಿಂದೆ ನಿಂತೇ ಇತ್ತು. ಬಾಡಿಗೆ ಕಾರು ಮಾಡೋಣವೆಂದರೆ ಅಪ್ಪ ಮಗ ಇಬ್ಬರೂ ಒಂದೇ ರಾಗ. "ಇವತ್ತೋ ನಾಳೆಯೋ ಸ್ವಂತದ್ದು ಬರಾಕತ್ತದ. ಬಾಡಿಗಿಗೆ ಯಾಕ ರೊಕ್ಕ?"

ಬೂದಿ ಬಣ್ಣ ಗಟ್ಟಿಯಾದ ವಾರವೇ ರವಿವಾರ ಎಲ್ಲರೂ ಷೋರೂಮಿಗೆ ಹೋದರು. ರೇವಣಸಿದ್ದ ಎಂಬ ಹುಡುಗ ಕೊರಳಿಗೆ ಟೈ ಕಟ್ಟಿಕೊಂಡು ಓಡಿ ಬಂದ. ಬಾಗಿಲು ತೆರೆದು ಕರೆಮ್ಮನನ್ನು ಹಿಂದಿನ ಸೀಟಿನಲ್ಲಿ ಕೂರಿಸಿದ. ಅವಳು ಒಳಗೆ ಇಳಿದಳು. ಇನ್ನೂ ಇಳಿದಳು. ಸೀಟು ನೆಲದ ಹತ್ತಿರವಿತ್ತು. ಏಳುವಾಗ ಮಲ್ಲೇಶ್ವರಿ ಕೈ ಹಿಡಿದು ಎಳೆಯಬೇಕಾಯಿತು.

"ಹ್ಯಾಂಗದ ಅತ್ತಿ?"

"ಕುಂದ್ರಾಕ ಚಲೋ ಅದ," ಎಂದಳು ಕರೆಮ್ಮ. "ನಮ್ಮ ಅಕ್ಕ ಇದರಾಗ ಕುಂತ್ಳಂದ್ರ ಹೊಳ್ಳಿ ಎದ್ದಾಳಿಲ್ಲೋ ಗೊತ್ತಿಲ್ಲ."

ಅಷ್ಟರಲ್ಲಿ ಕನಕರಾಯ ಕಾರಿನ ಸುತ್ತ ಒಂದು ಸುತ್ತು ಬಂದಿದ್ದ. ಡಿಕ್ಕಿ ತೆರೆಸಿ ತಲೆ ಹಾಕಿ ನೋಡಿದ. ನಾಲ್ಕು ಕುರಿ ಹಿಡಿಯುತ್ತವೆ, ಮರಿಯಾದರೆ ಏಳು ಎಂದ. ಅಂಥ ಲೆಕ್ಕವನ್ನು ತಾನು ಎಂದೂ ಕೇಳಿಲ್ಲ ಎಂದು ಹುಡುಗ ಒಪ್ಪಿಕೊಂಡ.

"ಎಷ್ಟಪ್ಪಾ?"

"ಆನ್ ರೋಡ್ ಒಂಬತ್ತು ಲಕ್ಷದ ಮ್ಯಾಲ ಚಿಲ್ಲರ ಆಗತದ್ರಿ ಅಜ್ಜಾರ."

ಕನಕರಾಯನ ಮುಖ ಬಾಡಿತು. ರೇಟು ಹೆಚ್ಚಾಯಿತೆಂದಲ್ಲ. ನಾಲ್ಕು ಜನರ ಎದುರಿಗೆ, ಬಾಯಿಬಿಟ್ಟು ಹೇಳಿದನೆಂದು. ದೇವದುರ್ಗದ ಸಂತೆಯಲ್ಲಿ ರೇಟನ್ನು ಯಾರೂ ಬಾಯಿಂದ ಆಡುವುದಿಲ್ಲ. ಕೊಡುವವನೂ ಕೊಳ್ಳುವವನೂ ಟವಲ್ಲಿನ ಕೆಳಗೆ ಕೈ ಹಿಡಿಯುತ್ತಾರೆ. ಬೆರಳು ಹಿಡಿದದ್ದೇ ರೇಟು. ಸಾವಿರವೋ ಲಕ್ಷವೋ ಅನ್ನುವುದಷ್ಟನ್ನು ಹೊರಗೆ ಹೇಳುತ್ತಾರೆ. ಮಾತು ಕೂಡಿತೆಂದರೆ ಕೈಯನ್ನು ಪೂರ್ತಿ ಒತ್ತುತ್ತಾರೆ. ಒತ್ತಿದ ಮೇಲೆ ಹಿಂದೆ ಸರಿದವನ ಟವಲ್ಲಿನ ಕೆಳಗೆ ಮುಂದಿನ ಸಂತೆಯಲ್ಲಿ ಯಾರೂ ಕೈ ಇಡುವುದಿಲ್ಲ.

ಕನಕರಾಯ ಹೆಗಲ ಟವಲ್ ತೆಗೆದ. ಹುಡುಗನ ಕೈ ಹಿಡಿದು ಅದರ ಮೇಲೆ ಹೊದಿಸಿದ. "ಲಕ್ಷ," ಎಂದ. ಒಳಗೆ ಐದು ಬೆರಳು ಹಿಡಿದು ಬಿಟ್ಟು, ಆಮೇಲೆ ಎರಡು ಹಿಡಿದ.

ರೇವಣಸಿದ್ದನಿಗೆ ಹಿರಿಯರನ್ನು ಹೇಗೆ ಕಾಣಬೇಕೆಂದು ಮನೆಯಲ್ಲಿ ಕಲಿಸಿದ್ದರು. ಅಜ್ಜ ಪ್ರೀತಿಯಿಂದ ಕೈ ಹಿಡಿದಿದ್ದಾನೆ ಎಂದುಕೊಂಡು, ಇನ್ನೊಂದು ಕೈಯನ್ನೂ ಟವಲ್ಲಿನ ಕೆಳಗೆ ತಂದು, ಎರಡೂ ಕೈಯಿಂದ ಗಟ್ಟಿಯಾಗಿ ಒತ್ತಿದ.

"ಮುಗೀತು," ಎಂದ ಕನಕರಾಯ. ಟವಲ್ ಕೊಡವಿ ಹೆಗಲಿಗೆ ಹಾಕಿಕೊಂಡ. "ಏಳಕ್ಕ ಮುಗೀತು. ನಡೀರಿ ಮನಿಗೆ."

ಮುಗಿದಿರಲಿಲ್ಲ. ಷೋರೂಮಿನವರು ದುರುಗೇಶನಿಗೆ ಕಳಿಸಿದ ಕಾಗದದಲ್ಲಿ ಒಂಬತ್ತು ಲಕ್ಷದ ಮೇಲಿನ ರೇಟೇ ಇತ್ತು. ದುರುಗೇಶ ಅಪ್ಪನಿಗೆ ತಿಳಿಸಿ ಹೇಳಿದ. ಆ ಹುಡುಗನಿಗೆ ಬೆರಳಿನ ಭಾಷೆ ಗೊತ್ತಿಲ್ಲ, ಬೇರೆ ಕಂಪನಿಯ ಕಾರು ನೋಡೋಣ ಎಂದ.

"ಎರಡೂ ಕೈಲೆ ಒತ್ತ್ಯಾನ," ಎಂದ ಕನಕರಾಯ. "ನಮ್ಮ ಸಂತ್ಯಾಗ ಒಂದ ಕೈಲೆ ಒತ್ತತಾರ. ಒಂದು ಟವಲ್ ಕೆಳಗಿರೋ ಕೈ ಇನ್ನೊಂದು ಟವಲ್ ಕೆಳಗ ಹೋಗಂಗಿಲ್ಲ. ಮಾತು ಉಳಿಸ್ಕೋತಾನ. ಕಾಯ್ತೀನಿ."

ಮರುದಿನದಿಂದ ಅವನು ಮುಂಜಾನೆ ನಾಷ್ಟಾ ಮುಗಿಸಿ ಷೋರೂಮಿಗೆ ಹೋಗಿ ಸೋಫಾದ ಮೇಲೆ ಕೂರತೊಡಗಿದ. ಜಗಳವಿಲ್ಲ, ಮಾತಿಲ್ಲ. ಅವರು ಚಹಾ ಕೊಟ್ಟರೆ ಕುಡಿಯುತ್ತಿದ್ದ. ಬಂದ ಗಿರಾಕಿಗಳಿಗೆ ಡಿಕ್ಕಿ ತೆರೆಸಿ ನೋಡಿರೆಂದು ಹೇಳುತ್ತಿದ್ದ. ಇಬ್ಬರು ಅವನ ಮಾತಿನ ಮೇಲೆ ಕಾರು ಕೊಂಡರು. ಮ್ಯಾನೇಜರು ಅವನನ್ನು ಎಬ್ಬಿಸಬೇಕೋ, ಪಗಾರ ಕೊಡಬೇಕೋ ತಿಳಿಯದೆ ಎರಡು ಸಲ ಬಂದು ನಮಸ್ಕಾರ ಮಾಡಿ ಹೋದರು. ರೇವಣಸಿದ್ದ ಮಾನ್ವಿಗೆ ಫೋನ್ ಹಚ್ಚಿ, "ಸರ್, ಅಜ್ಜಾರು ಬಂದು ಕುಂತಾರ್ರಿ," ಎನ್ನುತ್ತಿದ್ದ. "ಬಿಸಲಾಗ ಕುಂತಾರೇನು?" ಎಂದು ದುರುಗೇಶ ಕೇಳುತ್ತಿದ್ದ. "ಇಲ್ರಿ, ಏಸಿ ಮುಂದ." "ಹಂಗಾರ ಇರ್ಲಿ."

ಹೀಗಿರುವಾಗ ಗೂಗಲ್ಲಿನಿಂದ ಒಂದು ಕಾರ್ಡು ಬಂತು. ಹುಲಿಗೆಮ್ಮ ಹೇಳಿದ್ದನ್ನು ವಿರೂಪಣ್ಣ ಹೇಳಿದಂತೆಯೇ ಬರೆದಿದ್ದ.

"ಕರೆವ್ವಾ, ಕಾರು ಈಗ ಯಾವ ಬಣ್ಣಕ್ಕ ಬಂದದ? ನನಗ ಎರಡೂ ಕಣ್ಣಿಗೆ ಪೊರಿ ಬಂದಾವ. ಇನ್ನೊಂದಿಷ್ಟು ತಡಾ ಮಾಡ್ರಿ, ಆಮ್ಯಾಲ ಯಾವ ಬಣ್ಣಾದ್ರೂ ನಡೀತದ. ನಿನ್ನ ಮಾರಿ ಮಾತ್ರ ಅದಕ್ಕಿಂತ ಮೊದಲ ನೋಡಬೇಕು."

ಕರೆಮ್ಮ ಕಾರ್ಡನ್ನು ಎರಡನೆಯ ಸಲ ಓದಲಿಲ್ಲ. ಡಬ್ಬಿಗೆ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ ಹಾಕಿದಳು. ಗಡಿಯಾರದ ಹಿಂದಿನ ಪತ್ರವನ್ನೂ ಒಂದು ಪೆನ್ನನ್ನೂ ಚೀಲಕ್ಕೆ ಹಾಕಿದಳು. ಆಟೋ ಹತ್ತಿ ಷೋರೂಮಿಗೆ ಹೋದಳು.

ಕನಕರಾಯ ಸೋಫಾದಲ್ಲೇ ಇದ್ದ. "ಇವತ್ತು ಊಟಕ್ಕ ಬರಲೇ ಇಲ್ಲಲ್ರಿ," ಎಂದು ಕರೆಮ್ಮ ಪಕ್ಕದಲ್ಲಿ ಕುಳಿತು ಡಬ್ಬಿ ಬಿಚ್ಚಿದಳು.

"ಇವತ್ತು ಮ್ಯಾನೇಜರ್ ರಜಾ. ಹುಡುಗ ಒಬ್ಬನ ಅದಾನ. ಬಿಟ್ಟು ಹ್ಯಾಂಗ ಬರ್ಲಿ?"

ರೇವಣಸಿದ್ದ ಓಡಿ ಬಂದು ನೀರು ಇಟ್ಟ. ಕರೆಮ್ಮ ಅವನ ಕೈಗೂ ಒಂದು ರೊಟ್ಟಿ ಕೊಟ್ಟಳು.

"ತಮ್ಮಾ, ಅವತ್ತು ಟವಲ್ ಕೆಳಗ ಯಾಕ ಒತ್ತಿದಿ?"

"ಹಿರ್ಯಾರು ಕೈ ಹಿಡದ್ರು, ಒತ್ತಿದ್ನಿರಿ ಯವ್ವಾ. ಅದು ರೇಟಂತ ಆಮ್ಯಾಲ ಗೊತ್ತಾತು. ಆವತ್ತಿಂದ ನಾ ಯಾರ ಕೈಯೂ ಹಿಡದಿಲ್ಲ."

"ನಿನ್ನ ಕಾರ್ ಯಾವುದು?"

"ನನ್ನ ಕಾರೆಲ್ಲಿದ್ರಿ. ನಾ ಸಂಬಳದಾಂವ. ಬಸ್ಸಿಗೆ ಬರ್ತೀನಿ."

ಕನಕರಾಯ ಅಗಿಯುವುದನ್ನು ನಿಲ್ಲಿಸಿದ. ಷೋರೂಮಿನಲ್ಲಿ ನಿಂತ ಕಾರುಗಳನ್ನು ಒಂದೊಂದಾಗಿ ನೋಡಿದ. "ಇದರಾಗ ಒಂದೂ ನಿಂದಲ್ಲ?"

"ಒಂದೂ ಅಲ್ರಿ."

"ಕುರಿ ತನ್ನದಲ್ಲದಾಂವ ಟವಲ್ ಕೆಳಗ ಕೈ ಹಾಕಂಗಿಲ್ಲ," ಎಂದ ಕನಕರಾಯ ನಿಧಾನವಾಗಿ. "ಹಾಕಿದ್ರೂ ಅದು ಮಾತಲ್ಲ. ಮೊದಲ ಕೇಳಬೇಕಿತ್ತು ನಾನು. ನಲವತ್ತು ವರ್ಷದಾಗ ಯಾರ ಕುರಿ ಅಂತ ಕೇಳದ ಕೈ ಹಿಡದದ್ದು ಇದ ಮೊದಲು." ಪಲ್ಯಕ್ಕೆ ರೊಟ್ಟಿ ಅದ್ದಿದ. "ಹೋಗಪ್ಪಾ, ನಿನ್ನ ಬಿಟ್ಟೆ."

ಹುಡುಗನ ಟೈ ಸಡಿಲಾಯಿತು. ಹಗುರಾದ ಸಂತೋಷಕ್ಕೆ ಅವನು ಇಲ್ಲಿಯತನಕ ಹೇಳದ್ದನ್ನೂ ಹೇಳಿದ. "ಅಜ್ಜಾರ, ಇದರಾಗ ಕೆಳಗಿನ ಮಾಡೆಲ್ ಒಂದದರಿ. ಹಾಡು ಹಾಡಂಗಿಲ್ಲ, ಹಿಂದಿನ ಗ್ಲಾಸು ಕೈಲೆ ತಿರುವಬೇಕು. ಎಲ್ಲಾ ಕೂಡಿ ಎಂಟರ ಒಳಗ ಬರ್ತದ. ಟ್ಯಾಕ್ಸಿಯವರು ಅದನ್ನ ಒಯ್ತಾರ್ರಿ."

"ಇಷ್ಟು ದಿನ ಯಾಕ ಹೇಳ್ಲಿಲ್ಲ?"

"ಮ್ಯಾಲಿಂದು ಮೊದಲು ತೋರಸ್ರಿ ಅಂತಾರ್ರಿ ನಮ್ಮೋರು."

"ಸಂತ್ಯಾಗೂ ಹಂಗ," ಎಂದ ಕನಕರಾಯ. ಬಹಳ ದಿನಗಳ ಮೇಲೆ ಷೋರೂಮಿನ ಮೇಲೆ ಅವನಿಗೆ ಗೌರವ ಬಂತು.

ಕರೆಮ್ಮನ ತಲೆಯಲ್ಲಿ ಟ್ಯಾಕ್ಸಿ ಎಂಬ ಮಾತು ನಿಂತಿತ್ತು. ಅವರ ಓಣಿಯ ಪೀರಾ ಸಾಬ್ ಬಾಡಿಗೆಗೆ ಓಡಿಸುವುದು ಅದೇ ಕಾರು, ಅದೇ ಡಿಕ್ಕಿ. ಅವಳು ಕೈ ತೊಳೆದು ಬಂದು ಗಂಡನ ಮುಂದೆ ಕೈ ಚಾಚಿದಳು.

"ಟವಲ್ ಕೊಡ್ರಿ."

"ಹುಚ್ಚಿ. ಹೆಂಗಸರು ಟವಲ್ ಕೆಳಗ ಕೈ ಹಾಕಂಗಿಲ್ಲ."

"ಟವಲ್ ನೀವ ಇಟ್ಕೋರಿ." ಅವಳು ಸೆರಗನ್ನು ಎಳೆದು ಅವನ ಕೈಯ ಮೇಲೆ ಹೊದಿಸಿದಳು. "ಲಕ್ಷ ಅಲ್ಲ. ದಿನ. ಅಕ್ಕನ್ನ ಇನ್ನ ಎಷ್ಟು ದಿನಕ್ಕ ಕರಕೊಂಡು ಬರೋದಂತ. ಪೀರಾ ಸಾಬನ ಕಾರಿನಾಗ."

"ಬಾಡಿಗಿ ಕಾರಿನಾಗ? ಸ್ವಂತದ್ದು..."

"ಎತ್ತು ಕೊಳ್ಳೋ ಮೊದಲು ಒಂದಿನ ಗಳೇ ಹೂಡಿ ನೋಡ್ತಿದ್ರಿಲ್ಲೋ? ಇದೂ ಹಂಗ. ಕಾರು ಇಂಥಾದ್ದ ಅದ. ಗೂಗಲ್ಲಿನಾಗ ಅಕ್ಕ ಹತ್ತಬೇಕು, ನಮ್ಮ ಬಾಗಲಿಗೆ ಇಳೀಬೇಕು. ಎದ್ದು ಇಳಿದ್ಳಂದ್ರ ಅದನ್ನ ಕೊಳ್ಳೋಣು. ಇಲ್ಲಾಂದ್ರ ಎತ್ತರದ್ದು ನೋಡೋಣು, ಡಿಕ್ಕಿ ಇಲ್ಲದಿದ್ರೂ. ಅಕ್ಕನ ಮೊಣಕಾಲು ನಿಮ್ಮ ಡಿಕ್ಕಿಗಿಂತ ದೊಡ್ಡದು. ಹಿಡೀರಿ."

ಅವಳು ಐದು ಬೆರಳು ಹಿಡಿದಳು.

ಕನಕರಾಯ ಬೇಡವೆನ್ನಬಹುದಿತ್ತು. ಆದರೆ ನಲವತ್ತು ವರ್ಷ ಬಟ್ಟೆಯ ಕೆಳಗೆ ಪಳಗಿದ ಕೈ ಯಜಮಾನನನ್ನು ಕೇಳುವುದಿಲ್ಲ. ಅದು ತಾನಾಗಿ ಐದು ಹಿಡಿದು, ಮತ್ತೆ ಐದು ಹಿಡಿಯಿತು. ಕರೆಮ್ಮ ಆರಕ್ಕೆ ಬಂದಳು. ಅವನು ಎಂಟಕ್ಕೆ ಇಳಿದ. ಅವನ ಹುಬ್ಬು ಮೇಲೇರಿತು. ಇವಳಿಗೆ ಇದನ್ನು ಯಾರು ಕಲಿಸಿದರು ಎಂಬಂತೆ ಹೆಂಡತಿಯ ಮುಖ ನೋಡಿದ. ಪ್ರತಿ ಸಂತೆಯಿಂದ ಬಂದು ಜಗುಲಿಯ ಮೇಲೆ ಬೆರಳು ಮಡಿಸಿ ವ್ಯಾಪಾರದ ಕಥೆ ಹೇಳಿದವನು ತಾನೇ ಎಂಬುದು ಅವನಿಗೆ ಮರೆತಿತ್ತು.

"ಟಪಾಲು ಮುಟ್ಟಾಕ ಹೊತ್ತು ಬೇಕು," ಎಂದ.

"ಅದಕ್ಕ ಇನ್ನೊಂದು ಕೊಡ್ತೀನಿ." ಐದು, ಆಮೇಲೆ ಎರಡು.

ರೇವಣಸಿದ್ದ ರೊಟ್ಟಿ ಕೈಯಲ್ಲೇ ಹಿಡಿದು ನೋಡುತ್ತಿದ್ದ. ಆಮೇಲೆ ಕನಕರಾಯ ಒತ್ತಿದ. ಒಂದೇ ಕೈಯಿಂದ, ಗಟ್ಟಿಯಾಗಿ.

"ಮುಗೀತು," ಎಂದಳು ಕರೆಮ್ಮ.

"ಸೋಮವಾರ ಬೀಳತದ," ಎಂದ ಅವನು, ಲೆಕ್ಕ ಹಾಕಿ.

ಅವಳು ಚೀಲದಿಂದ ಪತ್ರ ತೆಗೆದಳು. ಬೂದಿ ಬಣ್ಣದ ಕಾರಿನ ಬಾನೆಟ್ಟಿನ ಮೇಲಿಟ್ಟು, ಬಿಟ್ಟಿದ್ದ ಜಾಗದಲ್ಲಿ "ಬರುವ ಸೋಮವಾರದ" ಎಂದು ತುಂಬಿದಳು. ಜಾಗ ಇನ್ನೂ ಉಳಿದಿತ್ತು. ಅದರಲ್ಲಿ ತಾರೀಖನ್ನೂ ಬರೆದಳು. ಹುಡುಗ ಬಾನೆಟ್ಟನ್ನು ಒರೆಸಲು ಬಟ್ಟೆ ತಂದವನು, ಅವಳು ಅಂಚು ಮಡಚಿ ಅಂಟಿಸುವತನಕ ಕಾದು ನಿಂತ.

ದಾರಿಯಲ್ಲಿ ಅಂಚೆ ಕಚೇರಿಯ ಮುಂದೆ ಆಟೋ ನಿಲ್ಲಿಸಿದರು. ದುರುಗೇಶನಿಗೆ ಫೋನ್ ಮಾಡಿ ಕೇಳೋಣವೇ ಎಂದ ಕನಕರಾಯ. ಸಂಜೆ ಬಂದ ಮೇಲೆ ಹೇಳಿದರಾಯಿತು, ಬಣ್ಣ ಬದಲಾಯಿಸುವುದಿದ್ದರೆ ಅಷ್ಟರೊಳಗೆ ಬದಲಾಯಿಸಿಕೊಳ್ಳಲಿ ಎಂದಳು ಕರೆಮ್ಮ. ಕೆಂಪು ಪೆಟ್ಟಿಗೆಯ ಬಾಯಿಗೆ ಪತ್ರ ಹಿಡಿದು ಬಿಟ್ಟಳು. ಒಳಗೆ ಬಿದ್ದ ಸಪ್ಪಳ ಕೇಳಿತು.

ಕನಕರಾಯ ಬಗ್ಗಿ ಪೆಟ್ಟಿಗೆಯ ಬಾಯಿಯೊಳಗೆ ನೋಡಿದ.

"ಇನ್ನ ಹೊಳ್ಳಿ ತೊಗೊಳ್ಳಾಕ ಬರಂಗಿಲ್ಲೇನು?"

"ಬರಂಗಿಲ್ಲ."

"ಹಂಗಾರ ಸರಿ," ಎಂದು ಅವನು ಹೆಗಲ ಟವಲ್ ಸರಿಮಾಡಿಕೊಂಡು, ಪೀರಾ ಸಾಬನ ಮನೆಯ ಕಡೆಗೆ ಹೊಡೆಯಲು ಆಟೋದವನಿಗೆ ಹೇಳಿದ.